ಚಾಕೊಲೇಟ್ ಡಬ್ಬಿಗೆ ಹೃದಯದ ಆಕಾರ ಬಂದದ್ದು ಹೇಗೆ?

ಪ್ರಶ್ನೆ: ಫೆಬ್ರುವರಿ 14ರಂದು ಪ್ರೀತಿಸಿದವರಿಗೆ ಚಾಕೊಲೇಟನ್ನೇ, ಅದೂ ಹೃದಯದ ಆಕಾರದ ಡಬ್ಬಿಯಲ್ಲಿಟ್ಟು ಕೊಡುವ ರೂಢಿ ಎಲ್ಲಿಂದ ಬಂತು? ಇದು ನಿಜಕ್ಕೂ ಹಳೆಯ ಸಂಪ್ರದಾಯವೇ, ಇಲ್ಲವೇ ಕಂಪನಿಗಳು ಹುಟ್ಟುಹಾಕಿದ್ದೇ?

ಉತ್ತರ: ಎರಡೂ ಹೌದು. ಚಾಕೊಲೇಟು, ಸಕ್ಕರೆ ಮಿಠಾಯಿ ಮತ್ತು ಹೃದಯದ ಚಿಹ್ನೆ ಬೇರೆ ಬೇರೆ ನಾಡುಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಹುಟ್ಟಿದವು. ಪ್ರೇಮದ ಜೊತೆ ಒಂದೊಂದಕ್ಕೂ ಇದ್ದ ನಂಟು ಹಳೆಯದೇ. ಆದರೆ ಇವು ಒಂದೇ ಡಬ್ಬಿಯಲ್ಲಿ ಸೇರಿದ್ದು 19ನೇ ಶತಮಾನದಲ್ಲಿ, ಅದಕ್ಕೆ ಕಾರಣವಾದದ್ದು ಪ್ರೇಮಕ್ಕಿಂತ ಹೆಚ್ಚಾಗಿ ಒಂದು ಕಾರ್ಖಾನೆಯಲ್ಲಿ ಮಿಕ್ಕುತ್ತಿದ್ದ ಕೊಬ್ಬು.

ಮೊದಲು ಚಾಕೊಲೇಟಿನ ವಿಷಯ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಓಡಾಡಿದವರು ಕೊಕ್ಕೋ ಗಿಡವನ್ನು ನೋಡಿರುತ್ತಾರೆ. ಕಾಂಡಕ್ಕೇ ಅಂಟಿಕೊಂಡು ಬಿಡುವ ಅದರ ಕಾಯಿಯನ್ನು ಒಡೆದರೆ, ಬಿಳಿಯ ಲೋಳೆಯಂಥ ಹುಳಿಸಿಹಿ ತಿರುಳಿನಲ್ಲಿ ಹುದುಗಿದ ಬೀಜಗಳು ಸಿಗುತ್ತವೆ; ಆ ಹಸಿ ಬೀಜವನ್ನು ಕಚ್ಚಿದವರಿಗೆ ಕಹಿ ಒಗರು ತಾಗುತ್ತದೆಯೇ ಹೊರತು ಚಾಕೊಲೇಟಿನ ಪರಿಮಳದ ಸುಳಿವೂ ಸಿಗುವುದಿಲ್ಲ. ಬೀಜವನ್ನು ಹುಳಿಯಲು ಬಿಟ್ಟು, ಒಣಗಿಸಿ, ಹುರಿದಾಗ ಮಾತ್ರ ಆ ಪರಿಮಳ ಹುಟ್ಟುತ್ತದೆ. ಇದನ್ನು ಕಂಡುಕೊಂಡವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲನಿವಾಸಿಗಳು. ಮಾಯಾ ಮತ್ತು ಆಜ್ಟೆಕ್ ಜನರಿಗೆ ಚಾಕೊಲೇಟ್ ಎಂದರೆ ತಿನ್ನುವ ತುಂಡಲ್ಲ, ಹುರಿದ ಬೀಜವನ್ನು ಅರೆದು, ನೀರು ಬೆರೆಸಿ, ಕೆಲವೊಮ್ಮೆ ಮೆಣಸಿನಕಾಯಿಯನ್ನೂ ಸೇರಿಸಿ ಕುಡಿಯುತ್ತಿದ್ದ ಕಹಿ ಪಾನೀಯ. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವಂತೆಯೇ ಅವರೂ ಎತ್ತರದಿಂದ ಪಾತ್ರೆಯಿಂದ ಪಾತ್ರೆಗೆ ಹೊಯ್ದು ನೊರೆ ಬರಿಸುತ್ತಿದ್ದರು, ನೊರೆಯಿಲ್ಲದ ಚಾಕೊಲೇಟಿಗೆ ಮರ್ಯಾದೆ ಇರಲಿಲ್ಲ. ಈ ಪಾನೀಯಕ್ಕೆ ಮದುವೆಯಲ್ಲೂ ಸ್ಥಾನವಿತ್ತು: ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಮೆಕ್ಸಿಕೊದ ಮಿಕ್ಸ್‌ಟೆಕ್ ಜನರ ಚಿತ್ರಗ್ರಂಥವೊಂದರಲ್ಲಿ, ವಧು ನೊರೆ ತುಂಬಿದ ಚಾಕೊಲೇಟಿನ ಪಾತ್ರೆಯನ್ನು ವರನ ಮುಂದೆ ಹಿಡಿದಿರುವ ದೃಶ್ಯವಿದೆ.

ಚಾಕೊಲೇಟ್ ಕಾಮವನ್ನು ಕೆರಳಿಸುತ್ತದೆ ಎಂಬ ಮಾತು ಹೆಚ್ಚಾಗಿ ಒಬ್ಬ ಸ್ಪೇನಿನ ಸೈನಿಕನ ಬರಹದ ಮೇಲೆ ನಿಂತಿದೆ. ಆಜ್ಟೆಕ್ ರಾಜ್ಯವನ್ನು ಗೆದ್ದ ಕೊರ್ಟೆಸ್‌ನ ದಂಡಿನಲ್ಲಿದ್ದ ಬೆರ್ನಾಲ್ ದಿಯಾಸ್, ಆಜ್ಟೆಕ್ ದೊರೆ ಮೊಕ್ಟೆಜುಮಾ ಚಿನ್ನದ ಬಟ್ಟಲಲ್ಲಿ ಚಾಕೊಲೇಟ್ ಕುಡಿಯುತ್ತಿದ್ದನೆಂದೂ, ಅದು ಸ್ತ್ರೀಸಂಗಕ್ಕಾಗಿ ಎಂದು ಜನ ಹೇಳುತ್ತಿದ್ದರೆಂದೂ, ಕಂಡ ಎಷ್ಟೋ ದಶಕಗಳ ಮೇಲೆ ನೆನಪಿನಿಂದ ಬರೆದನು. ಊಟದ ಹೊತ್ತಿಗೆ ನೊರೆಯ ಚಾಕೊಲೇಟಿನ 50ಕ್ಕೂ ಹೆಚ್ಚು ಹೂಜಿಗಳನ್ನು ತರುತ್ತಿದ್ದರು, ಅದರಲ್ಲಿ ದೊರೆ ಕುಡಿಯುತ್ತಿದ್ದ ಎಂಬ ಅವನ ಮಾತು, ದೊರೆಯೊಬ್ಬನೇ ದಿನಕ್ಕೆ 50 ಬಟ್ಟಲು ಕುಡಿಯುತ್ತಿದ್ದ ಎಂಬಂತೆ ಬೆಳೆದು ಇಂದಿಗೂ ಜಾಹೀರಾತುಗಳಲ್ಲಿ ಓಡಾಡುತ್ತಿದೆ. ಚಾಕೊಲೇಟಿನ ರಾಸಾಯನಿಕವೊಂದು ಪ್ರೇಮಭಾವ ಹುಟ್ಟಿಸುತ್ತದೆ ಎಂದು ಆಧುನಿಕ ವಿಜ್ಞಾನದ ಹೆಸರಿನಲ್ಲಿ ಹೇಳುವ ಫಿನೈಲ್‌ಈಥೈಲಮೀನ್ ಕಥೆಯೂ ಇಷ್ಟೇ ಬಡಕಲು: ಆ ರಾಸಾಯನಿಕ ಚಾಕೊಲೇಟಿನಲ್ಲಿ ಇರುವುದು ನಿಜ, ಆದರೆ ಅದು ಮೆದುಳನ್ನು ಮುಟ್ಟುವ ಮೊದಲೇ ಬಹುಪಾಲು ದೇಹದ ಕಿಣ್ವಗಳಿಂದ ಒಡೆದುಹೋಗುತ್ತದೆ.

ಯುರೋಪಿಗೆ ಬಂದ ಮೇಲೂ ಸುಮಾರು ಮುನ್ನೂರು ವರ್ಷ ಚಾಕೊಲೇಟ್ ಮುಖ್ಯವಾಗಿ ಕುಡಿಯುವ ಪದಾರ್ಥವಾಗಿಯೇ ಉಳಿಯಿತು, ಸಕ್ಕರೆ ಮತ್ತು ದಾಲ್ಚಿನ್ನಿ ಸೇರಿಕೊಂಡವು ಅಷ್ಟೇ. ಕುಡಿಯುವ ವಸ್ತುವನ್ನು ಡಬ್ಬಿಯಲ್ಲಿಟ್ಟು ಉಡುಗೊರೆ ಕೊಡುವುದು ಹೇಗೆ? ಅದಕ್ಕೆ ದಾರಿ ತೆರೆದದ್ದು 1828ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಾನ್ ಹೌಟೆನ್ ಕಾರ್ಖಾನೆ ಪೇಟೆಂಟ್ ಪಡೆದ ಒತ್ತುಯಂತ್ರ. ಕೊಕ್ಕೋ ಬೀಜದ ಅರ್ಧದಷ್ಟು ತೂಕ ಕೊಬ್ಬಿನದೇ; ಆ ಕೊಬ್ಬಿನ ಬಹುಭಾಗವನ್ನು ಹಿಂಡಿ ತೆಗೆದರೆ ನೀರಿನಲ್ಲಿ ಸುಲಭವಾಗಿ ಬೆರೆಯುವ ಹಗುರವಾದ ಪುಡಿ ಉಳಿಯುತ್ತದೆ. ಹಿಂಡಿದ ಕೊಬ್ಬನ್ನು ಮತ್ತೆ ಪುಡಿಗೂ ಸಕ್ಕರೆಗೂ ಸೇರಿಸಿದರೆ ಅದು ಅಚ್ಚಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಬಾಯಲ್ಲಿ ಕರಗುತ್ತದೆ. ಬ್ರಿಸ್ಟಲ್‌ನ ಫ್ರೈ ಕಂಪನಿ 1847ರಲ್ಲಿ ಹೀಗೆ ತಿನ್ನುವ ಚಾಕೊಲೇಟನ್ನು ಅಚ್ಚಿಗೆ ಹೊಯ್ದಿತು.

ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿ ಮನೆತನದ ಕಥೆ ಇಲ್ಲಿಂದ ಶುರುವಾಗುತ್ತದೆ. ನಷ್ಟದ ಅಂಚಿನಲ್ಲಿದ್ದ ತಂದೆಯ ವ್ಯಾಪಾರವನ್ನು 1861ರಲ್ಲಿ ಕೈಗೆತ್ತಿಕೊಂಡ ರಿಚರ್ಡ್ ಮತ್ತು ಜಾರ್ಜ್ ಸಹೋದರರು ವಾನ್ ಹೌಟೆನ್ ಯಂತ್ರವನ್ನು ತರಿಸಿ, 1866ರಲ್ಲಿ ಶುದ್ಧ ಕೊಕ್ಕೋ ಪುಡಿಯನ್ನು ಮಾರುಕಟ್ಟೆಗೆ ಬಿಟ್ಟರು. ಅಲ್ಲಿಯವರೆಗೆ ಕೊಬ್ಬನ್ನು ಮರೆಮಾಚಲು ಆಲೂಗಡ್ಡೆಯ ಹಿಟ್ಟನ್ನೋ ಸಾಬುದಾನಿಯನ್ನೋ ಬೆರೆಸುವುದು ವಾಡಿಕೆಯಾಗಿತ್ತಾದ್ದರಿಂದ ಶುದ್ಧವಾದ ಪುಡಿ ಚೆನ್ನಾಗಿ ಮಾರಾಟವಾಯಿತು. ಪುಡಿ ಮಾರಿದಷ್ಟೂ ಹಿಂಡಿದ ಕೊಬ್ಬು ಮಿಕ್ಕುತ್ತಾ ಹೋಯಿತು. ಅದನ್ನು ಖರ್ಚು ಮಾಡುವ ಮಾರ್ಗವೇ ತಿನ್ನುವ ಚಾಕೊಲೇಟು. ಚಿತ್ರ ಬರೆಯುವ ಹವ್ಯಾಸವಿದ್ದ ರಿಚರ್ಡ್, ತನ್ನ ಮಕ್ಕಳನ್ನೂ ಬೆಕ್ಕಿನ ಮರಿಗಳನ್ನೂ ಹೂಗಳನ್ನೂ ತಾನೇ ಚಿತ್ರಿಸಿ ಡಬ್ಬಿಗಳ ಮುಚ್ಚಳಕ್ಕೆ ಅಂಟಿಸಿದನು. ಹೃದಯದ ಆಕಾರದ ಮೊದಲ ಡಬ್ಬಿಯ ಹಿರಿಮೆಯೂ ಸಾಮಾನ್ಯವಾಗಿ ಅವನಿಗೇ ಸಲ್ಲುತ್ತದೆ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ನಿಜವಾದ ಜಾಣತನವಿರುವುದು ಇಲ್ಲೇ: ಚಾಕೊಲೇಟ್ ಎರಡು ದಿನಕ್ಕೆ ಮುಗಿಯುತ್ತದೆ, ಡಬ್ಬಿ ಮುಗಿಯುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಹೆಂಗಸರು ಆ ಡಬ್ಬಿಗಳಲ್ಲಿ ಕಾಗದಗಳನ್ನು, ರಿಬ್ಬನ್ನುಗಳನ್ನು, ಕೂದಲ ಎಳೆಯನ್ನು ಜೋಪಾನ ಮಾಡುತ್ತಿದ್ದರು. ಹೊಲಿಗೆಯ ಸಾಮಾನು ತುಂಬಿದ ಬಿಸ್ಕತ್ತಿನ ಡಬ್ಬಿಗಳು ನಮ್ಮ ಮನೆಗಳ ಅಟ್ಟದಲ್ಲೂ ಇನ್ನೂ ಇವೆಯಲ್ಲವೇ. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಬ್ರಿಟನ್ನಿನಲ್ಲಿ ಪ್ರೇಮಿಗಳ ದಿನದ ಕಾರ್ಡುಗಳು ಆಗಲೇ ಮನೆಮಾತಾಗಿದ್ದವು, ಡಬ್ಬಿ ಆ ರೂಢಿಯ ಬೆನ್ನೇರಿತು.

ಹೃದಯದ ಆಕಾರ ಅಷ್ಟು ಸುಲಭವಾಗಿ ಬಿಡಿಸಿ ಹೇಳುವಂಥದ್ದಲ್ಲ. ಎದೆಯೊಳಗಿನ ಹೃದಯ ಹಾಗಿಲ್ಲ; ನಮ್ಮ ಕವಿಗಳು ಅದನ್ನು ಕಂಡದ್ದು ಹೃದಯಕಮಲವಾಗಿ, ತಾವರೆಯಾಗಿ. ಲಿಬಿಯಾದ ಪ್ರಾಚೀನ ಸಿರೀನ್ ನಗರದ ನಾಣ್ಯಗಳ ಮೇಲೆ ಇದೇ ಆಕಾರ ಕಾಣುತ್ತದೆ, ಆದರೆ ಅದು ಅಲ್ಲಿ ಬೆಳೆಯುತ್ತಿದ್ದ ಸಿಲ್ಫಿಯಮ್ ಎಂಬ ಗಿಡದ ಬೀಜ. ಅಡುಗೆಗೂ ಔಷಧಕ್ಕೂ, ಕೆಲವರು ಹೇಳುವಂತೆ ಗರ್ಭನಿರೋಧಕ್ಕೂ ಬಳಕೆಯಾಗುತ್ತಿದ್ದ ಈ ಗಿಡ ಇಲ್ಲವಾದಾಗ ರೋಮನ್ನರು ಅದರ ಬದಲಿಗೆ ಬಳಸಿದ್ದು ನಮ್ಮ ಸಾರಿನ ಒಗ್ಗರಣೆಗೆ ಬೀಳುವ ಇಂಗನ್ನು. ಪ್ರೇಮದ ಚಿಹ್ನೆ ಬಂದದ್ದು ಈ ಬೀಜದಿಂದಲೇ ಎಂಬ ಕಥೆ ಸೊಗಸಾಗಿದೆ, ಆದರೆ ಆ ನಾಣ್ಯಕ್ಕೂ ಮಧ್ಯಯುಗದ ಪ್ರೇಮಚಿತ್ರಗಳಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಖಾಲಿ ಜಾಗವಿರುವುದರಿಂದ ನಾನು ಅದನ್ನು ನಂಬುವುದಿಲ್ಲ. 13ನೇ ಶತಮಾನದ ಫ್ರೆಂಚ್ ಹಸ್ತಪ್ರತಿಯೊಂದರಲ್ಲಿ ಪ್ರಿಯತಮೆಗೆ ಒಪ್ಪಿಸುತ್ತಿರುವ ಹೃದಯ ಪೈನ್ ಮರದ ಕಾಯಿಯಂತಿದೆ, 1305ರ ಸುಮಾರಿಗೆ ಇಟಲಿಯ ಪಡುವಾದಲ್ಲಿ ಚಿತ್ರಕಾರ ಜೊಟ್ಟೊ ಬರೆದ ಭಿತ್ತಿಚಿತ್ರದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಮೇಲೆ ನಡುವೆ ತಗ್ಗು, ಕೆಳಗೆ ಚೂಪು ಎಂಬ ರೂಪ 14ನೇ ಶತಮಾನದಲ್ಲಿ ಮೂಡಿ, 15ನೇ ಶತಮಾನದಲ್ಲಿ ಇಸ್ಪೀಟೆಲೆಗಳ ಮೇಲೆ ಅಚ್ಚಾಗಿ ಮನೆಮನೆಗೂ ಹರಡಿತು. ನಾವು ಆಟೀನು ಎನ್ನುವ ಎಲೆಯ ಕೆಂಪು ಗುರುತು ಅದೇ.

ಪ್ರೇಮದ ಮಾತು ಅಚ್ಚಾದ, ಹೃದಯದ ಆಕಾರದ ಸಕ್ಕರೆ ಮಿಠಾಯಿಯದು ಅಮೆರಿಕದ ಕಥೆ, ಆದರೂ ಕ್ಯಾಂಡಿ ಎಂಬ ಪದ ಸಂಸ್ಕೃತದ ‘ಖಂಡ’ದಿಂದ ಪಾರಸಿ, ಅರಬಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋದದ್ದು. ಬಾಸ್ಟನ್ನಿನ ಆಲಿವರ್ ಚೇಸ್ 1847ರಲ್ಲಿ ಸಕ್ಕರೆಯ ಬಿಲ್ಲೆಗಳನ್ನು ಕತ್ತರಿಸುವ ಯಂತ್ರವನ್ನು ಮಾಡಿದನು; 1866ರಲ್ಲಿ ಅವನ ಸಹೋದರ ಡೇನಿಯಲ್ ಆ ಬಿಲ್ಲೆಗಳ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ ಒತ್ತುವ ವಿಧಾನ ಕಂಡುಕೊಂಡನು. ಹೃದಯದ ಆಕಾರ ಬಂದದ್ದು 1902ರಲ್ಲಿ. ಸಂಕ್ರಾಂತಿಗೆ ಸಕ್ಕರೆ ಅಚ್ಚನ್ನು ಕೈಗಿಟ್ಟು ‘ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ’ ಎನ್ನುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಾವು ಬಾಯಲ್ಲಿ ಹೇಳುವುದನ್ನು ಅವರು ಸಕ್ಕರೆಯ ಮೇಲೆಯೇ ಅಚ್ಚು ಹಾಕಿದರು. ಚೇಸ್ ಸಹೋದರರ ವ್ಯಾಪಾರದಿಂದ ಬೆಳೆದ ಆ ಹಳೆಯ ಕಂಪನಿ 2018ರಲ್ಲಿ ಮುಚ್ಚಿ, ಮಿಠಾಯಿ ಬೇರೆಯವರ ಕೈಸೇರಿ 2020ರಲ್ಲಿ ಮತ್ತೆ ಅಂಗಡಿಗೆ ಬಂದಾಗ ಅಚ್ಚಿನ ಯಂತ್ರ ಕೈಕೊಟ್ಟಿದ್ದರಿಂದ ಬಹಳಷ್ಟು ಹೃದಯಗಳ ಮೇಲೆ ಒಂದಕ್ಷರವೂ ಇರಲಿಲ್ಲ.

ಕಂಪನಿಗಳೇ ಹುಟ್ಟುಹಾಕಿದ ಸಂಪ್ರದಾಯವನ್ನು ಕಲಬೆರಕೆಯಿಲ್ಲದೆ ನೋಡಬೇಕೆಂದರೆ ಜಪಾನಿಗೆ ಹೋಗಬೇಕು. ಅಲ್ಲಿ ಪ್ರೇಮಿಗಳ ದಿನದ ರೂಢಿಗೆ ಯಾವ ಸಂತನೂ ಕಾರಣನಲ್ಲ, ಕವಿಯೂ ಅಲ್ಲ. ಕೋಬೆ ನಗರದ ಮಿಠಾಯಿ ಕಂಪನಿಯೊಂದು 1936ರಲ್ಲಿ ಕೊಟ್ಟ ಪತ್ರಿಕಾ ಜಾಹೀರಾತಿನಿಂದ ಅದರ ಕಥೆ ಆರಂಭವಾಗುತ್ತದೆ. ಯುದ್ಧಾನಂತರ ಅದು ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವ ದಿನವಾಗಿ, ಪ್ರಿಯಕರನಿಗಷ್ಟೇ ಅಲ್ಲದೆ ಕಚೇರಿಯ ಸಹೋದ್ಯೋಗಿಗಳಿಗೂ ಕೊಡಲೇಬೇಕಾದ ‘ಗಿರಿ ಚೊಕೊ’, ಅಂದರೆ ಮುಲಾಜಿನ ಚಾಕೊಲೇಟ್, ಎಂಬ ಹೊರೆಯಾಗಿ ಬೆಳೆಯಿತು. ಗಂಡಸರು ಪ್ರತಿಯಾಗಿ ಸಿಹಿ ಕೊಡುವ ಮಾರ್ಚ್ 14ರ ‘ವೈಟ್ ಡೇ’ಯನ್ನೂ ಮಿಠಾಯಿ ತಯಾರಕರೇ 1970ರ ದಶಕದ ಕೊನೆಯಲ್ಲಿ ಸೇರಿಸಿದರು. ಕೊನೆಗೆ 2018ರ ಫೆಬ್ರುವರಿಯಲ್ಲಿ, ಮುಲಾಜಿನ ಚಾಕೊಲೇಟ್ ಕೊಡುವುದನ್ನು ಜಪಾನ್ ಇನ್ನು ನಿಲ್ಲಿಸಲಿ ಎಂದು ಪತ್ರಿಕೆಯ ಪುಟ ತುಂಬ ಜಾಹೀರಾತು ಕೊಟ್ಟದ್ದು ಗೊಡೈವಾ. ಅದೂ ಚಾಕೊಲೇಟ್ ಕಂಪನಿಯೇ.