ಡ್ರಮ್ಸ್ ತೆಗೆದರೆ ಉಳಿಯುವುದೇನು?

‘ಸಾರ್, ಇದನ್ನ ಸ್ಲೋ ಮಾಡಿ, ಬರೀ ಪಿಯಾನೊ ಇಟ್ಟು ಕೊಡಿ.’ ಅರೇಂಜರ್ ಕೆಲಸ (ಹಾಡಿಗೆ ವಾದ್ಯ ಹೊಂದಿಸುವುದು) ಮಾಡುವ ನನ್ನ ಹತ್ತಿರ ಕವರ್, ಅಂದರೆ ಬೇರೆಯವರ ಹಾಡನ್ನು ತಮ್ಮ ರೀತಿಯಲ್ಲಿ, ಹಾಡಲು ಬರುವ ಹುಡುಗರದ್ದು ಹೆಚ್ಚುಕಮ್ಮಿ ಇದೇ ರಾಗ. ಕುಣಿಯುವ ಹಾಡನ್ನು ನಿಧಾನ ಮಾಡಿದರೆ ಸಾಕು, ಭಾವ ತಾನಾಗಿ ಬರುತ್ತದೆ ಎಂಬ ನಂಬಿಕೆ. ಉದಾಹರಣೆಗೆ ಅವರು ಫೋನಿನಲ್ಲಿ ಕೇಳಿಸುವುದು ‘ಮ್ಯಾಡ್ ವರ್ಲ್ಡ್’. ಅದು ಕವರ್ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಮೂಲ ಹಾಡು ಇಂಗ್ಲೆಂಡಿನ ಬಾತ್ ಊರಿನ ‘ಟಿಯರ್ಸ್ ಫಾರ್ ಫಿಯರ್ಸ್’ ತಂಡದ್ದು, 1982ರ ಸಿಂಗಲ್. ಬರೆದದ್ದು ರೋಲಂಡ್ ಒರ್ಜಬಾಲ್, ಅದೂ ಅಕೌಸ್ಟಿಕ್ ಗಿಟಾರ್ ಹಿಡಿದು. ತಾನು ಹಾಡಿದ್ದು ತನಗೇ ಹಿಡಿಸದೆ ಜೊತೆಗಾರ ಕರ್ಟ್ ಸ್ಮಿತ್ ಕೈಲಿ ಹಾಡಿಸಿದ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. 2001ರಲ್ಲಿ ‘ಡಾನಿ ಡಾರ್ಕೊ’ ಸಿನಿಮಾಕ್ಕೆ ಸಂಗೀತ ಮಾಡಿದ ಮೈಕಲ್ ಆಂಡ್ರೂಸ್, ಗೆಳೆಯ ಗ್ಯಾರಿ ಜೂಲ್ಸ್‌ನಿಂದ ಅದನ್ನೇ ಹಾಡಿಸಿದರು. 2003ರ ಕ್ರಿಸ್‌ಮಸ್‌ಗೆ ಅದು ಬ್ರಿಟನ್ನಿನಲ್ಲಿ 1ನೇ ಸ್ಥಾನದಲ್ಲಿತ್ತು.

ಈಗ ಹಾರ್ಮೋನಿಯಂ ಮುಂದೆ ಕೂರೋಣ. ಜೂಲ್ಸ್ ಹಾಡಿದ್ದು ಮೂಲಕ್ಕಿಂತ ಒಂದೇ ಒಂದು ಸ್ವರಸ್ಥಾನ ಕೆಳಗೆ. ವೇಗ ನಿಮಿಷಕ್ಕೆ ಸುಮಾರು 117 ಬೀಟ್‌ನಿಂದ 87ರ ಆಸುಪಾಸಿಗೆ ಇಳಿಯಿತು. ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಮುಟ್ಟಿಲ್ಲ: ಸ, ಗ, ನಿ, ಮ, ಈ ನಾಲ್ಕು ಸ್ವರಗಳ ಮೇಲೆ ಕಟ್ಟಿದ ನಾಲ್ಕೇ ಕಾರ್ಡ್. ಆ ಕಾರ್ಡ್‌ಗಳ ಸ್ವರಗಳನ್ನು ಜೋಡಿಸಿದರೆ ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದ ಮೆಟ್ಟಿಲು, ಅಂದರೆ ಸ್ವರಗಳ ಸಾಲು. (ರಾಗವಲ್ಲ, ಬರೀ ಮೆಟ್ಟಿಲು. ಗಮಕ ಎಲ್ಲಿ ಎಂದು ಜಗಳಕ್ಕೆ ಬರಬೇಡಿ.) ಗುಟ್ಟು ಇರುವುದು ನಾಲ್ಕನೆಯ ಕಾರ್ಡಿನಲ್ಲಿ, ಅದರೊಳಗಿನ ಚತುಶ್ರುತಿ ಧೈವತದಲ್ಲಿ, ಅಂದರೆ ‘ದ’ ಸ್ವರದ ಮೇಲಿನ ರೂಪದಲ್ಲಿ. ಅದನ್ನು ಒಂದು ಸ್ವರಸ್ಥಾನ ಕೆಳಗಿನ ಶುದ್ಧ ಧೈವತಕ್ಕೆ ಇಳಿಸಿ ನುಡಿಸಿ ನೋಡಿ, ನಠಭೈರವಿ ರಾಗದ ಮೆಟ್ಟಿಲಾಗುತ್ತದೆ. ಹಾಡು ಬರೀ ಅಳುಮುಂಜಿ. ಚತುಶ್ರುತಿಯಲ್ಲಿ ನಿಂತಾಗ ಮಾತ್ರ ಬಾಗಿಲ ಸಂದಿಯಿಂದ ಬಿಸಿಲು ಬಿದ್ದಂತೆ ಒಂದು ಬೆಳಕು. ಆಂಡ್ರೂಸ್ ಡ್ರಮ್ಸ್ ಪೂರ್ತಿ ಕಿತ್ತುಹಾಕಿದರೂ ಆ ಧೈವತವನ್ನು ಬಿಡಲಿಲ್ಲ.

ಹಾಗಂತ ನಿಧಾನದ್ದೇ ‘ನಿಜವಾದ’ ಹಾಡು ಎಂದರೆ ನಾನು ಒಪ್ಪುವವನಲ್ಲ. ಸಾಹಿತ್ಯ ಒಬ್ಬ ಹುಡುಗನದು: ಅಳುಕುತ್ತ ಹೋದ ಶಾಲೆ, ತನ್ನನ್ನು ಕಂಡೂ ಕಾಣದ ಮೇಷ್ಟ್ರು, ತಾನು ಸಾಯುವ ಕನಸೇ ಹಿತವೆನಿಸುವುದು. ಆ ಕನಸಿನ ಮಾತು, ತಂಡದ ಹೆಸರು ಎರಡರ ಹಿಂದೆಯೂ ಇರುವುದು ಮನಶ್ಶಾಸ್ತ್ರಜ್ಞ ಆರ್ಥರ್ ಜಾನವ್‌ರ ಬರಹ. ಮೂಲದಲ್ಲಿ ಸ್ಮಿತ್ ಇದನ್ನೆಲ್ಲ ಮುಖ ಬಿಗಿದುಕೊಂಡವನಂತೆ ಹಾಡಿದರೆ, ಕೆಳಗೆ ಡ್ರಮ್ಸ್, ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಒಂದೇ ಸಮನೆ ಓಡುತ್ತವೆ. ಆ ಓಟ ನನಗೆ ಎದೆಬಡಿತದಂತೆ ಕೇಳಿಸುತ್ತದೆ. ಜೂಲ್ಸ್ ಹಾಡಿನಲ್ಲಿ ಹುಡುಗ ಆಗಲೇ ಸೋತು ಕೂತಿದ್ದಾನೆ. ಮೂಲದಲ್ಲಿ ಇನ್ನೂ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ. ನನ್ನ ಮತ ಓಡುವವನಿಗೆ.

2009ರಲ್ಲಿ ‘ಅಮೆರಿಕನ್ ಐಡಲ್’ ಟಿವಿ ಗಾಯನ ಸ್ಪರ್ಧೆಯಲ್ಲಿ ಆ್ಯಡಮ್ ಲ್ಯಾಂಬರ್ಟ್ ಹಾಡಿದ್ದೂ ಜೂಲ್ಸ್ ದಾರಿಯನ್ನೇ ಹಿಡಿದು. ಕವರ್‌ನ ಕವರ್ ಎನ್ನಿ.

ಪಿಯಾನೊ ಕೇಳಿಕೊಂಡು ಬರುವವರಿಗೆ ನಾನು ಮೊದಲು ಮಾಡಿಸುವುದು ಇಷ್ಟೇ: ಶ್ರುತಿಪೆಟ್ಟಿಗೆಯನ್ನೂ ನಿಲ್ಲಿಸಿ, ಸಾಹಿತ್ಯವನ್ನು ಪತ್ರ ಓದಿದ ಹಾಗೆ ಓದಿಸುತ್ತೇನೆ. ಮೊನ್ನೆ ಬಂದಿದ್ದ ಹುಡುಗ ಎರಡನೇ ಚರಣದಲ್ಲಿ ಓದು ನಿಲ್ಲಿಸಿ ನಕ್ಕುಬಿಟ್ಟ. ‘ಸಾರ್, ಇದರಲ್ಲಿ ಏನೂ ಇಲ್ವಲ್ಲ!’ ಅವನ ಟ್ರ್ಯಾಕ್‌ನಲ್ಲಿ ಡ್ರಮ್ಸ್ ಹಾಗೇ ಉಳಿಸಿದೆವು.