ಘಾಟಿನಲ್ಲಿ ಫಿಕ್ಸಿ ಸೈಕಲ್ ಕಾಲಿಗೆ ಏನು ಕೊಡುತ್ತದೆ?

"ಫಿಕ್ಸಿ ಇದ್ರ ಗೇರ್ ಯಾಕ್ ಬೇಕ್ರೀ? ಅದೇ ಕಾಲ ಎತ್ತತದ!" ಕಲಬುರಗಿಯ ಸೈಕಲ್ ಹುಡುಗರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಚಡಪಡಿಕೆ. ಜೇವರ್ಗಿ ರಸ್ತೆಯಲ್ಲಿ ಇದು ನಿಜವೆಂದೇ ಅನ್ನಿಸುತ್ತದೆ. ಎರಡೂ ಕಡೆ ತೊಗರಿ ಹೊಲ, ರಸ್ತೆ ಸಪಾಟು. ಆದರೆ ಇದೇ ನಂಬಿಕೆ ಹೊತ್ತು ನೀಲಗಿರಿಯ ದೂರದ ಸೈಕಲ್ ಯಾತ್ರೆಗೆ ಹೊರಟರೆ ಮಂಡಿಗೆ ಕಷ್ಟ.

ಫಿಕ್ಸಿಗೆ ಗೇರ್ ಒಂದೇ. ತುಳಿಯದಿದ್ದರೂ ಚಕ್ರ ತಾನೇ ಓಡಲು ಬಿಡುವ ಫ್ರೀವೀಲ್ ಅದರಲ್ಲಿ ಇಲ್ಲ. ಚಕ್ರ ತಿರುಗಿದರೆ ಪೆಡಲ್ ತಿರುಗಲೇಬೇಕು. ಪೆಡಲ್ ನೆತ್ತಿಗೆ ಬಂದಾಗ, ಬುಡಕ್ಕೆ ಇಳಿದಾಗ ಕಾಲಿನ ಒತ್ತು ಸುಮ್ನೆ ಹೋಗುತ್ತದೆ, ತಿರುಗಿಸುವ ಬಲ ಹುಟ್ಟುವುದಿಲ್ಲ. ಆಗ ಓಡುತ್ತಿರುವ ಚಕ್ರವೇ ಚೈನ್ ಎಳೆದು ಕಾಲನ್ನು ದಾಟಿಸುತ್ತದೆ. ಜೋಳ ಬೀಸುವ ಕಲ್ಲು ನೋಡಿ. ಒಮ್ಮೆ ಓಟ ಹಿಡಿದರೆ ಗೂಟ ತಾನಾಗಿ ಸುತ್ತಿ ಕೈಗೆ ಬರುತ್ತದೆ. ಆದರೆ ಆ ಓಟ ಕಲ್ಲಿಗೆ ಬಂದಿದ್ದು ಬೀಸುವವರ ತೋಳಿನಿಂದಲೇ, ಅಲ್ವಾ? ಸೈಕಲ್ಲಿಗೂ ಅಷ್ಟೇ. ಕಾಲು ಮೊದಲೇ ತುಂಬಿಟ್ಟ ಚಲನ ಶಕ್ತಿಯನ್ನು ಚಕ್ರ ವಾಪಸ್ ಕೊಡುತ್ತದೆ. ಪುಕ್ಕಟೆ ಏನೂ ಇಲ್ಲ.

ಆ ಸಂಗ್ರಹ ಎಷ್ಟು? ಸವಾರ, ಸೈಕಲ್ ಸೇರಿ 85 ಕೆ.ಜಿ. ಅನ್ನೋಣ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುಮಾರು 1,300 ಜೌಲ್ ಇರುತ್ತದೆ. ಸಪಾಟು ರಸ್ತೆಯಲ್ಲಿ ಪೆಡಲ್ ಅರ್ಧ ಸುತ್ತು ತಿರುಗಲು 30–40 ಜೌಲ್ ಸಾಕು. ಸಂಗ್ರಹದ ಎದುರು ಇದು ಚಿಲ್ಲರೆ ಖರ್ಚು. ಅದಕ್ಕೇ ಅಷ್ಟು ನಯ.

ಈಗ 6% ಏರು ಬರಲಿ. 100 ಮೀಟರ್ ಹೋದರೆ 6 ಮೀಟರ್ ಹತ್ತಬೇಕು. ಮಸಿನಗುಡಿಯಿಂದ ಊಟಿಗೆ ಹತ್ತುವ 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಘಾಟಿನಲ್ಲಿ ಇದಕ್ಕಿಂತ ಕಡಿದಾದ ಜಾಗಗಳಿವೆ. ವೇಗ 9 ಕಿ.ಮೀ.ಗೆ ಇಳಿಯುತ್ತದೆ. ಚಲನ ಶಕ್ತಿ ವೇಗದ ವರ್ಗದಂತೆ ಕುಸಿಯುವುದರಿಂದ ಉಳಿಯುವುದು ಸುಮಾರು 265 ಜೌಲ್ ಮಾತ್ರ. ಮುಂದೆ 46, ಹಿಂದೆ 17 ಹಲ್ಲಿನ ಫಿಕ್ಸಿ ಪೆಡಲಿನ ಒಂದು ಸುತ್ತಿಗೆ ಸುಮಾರು 5.7 ಮೀಟರ್ ಹೋಗುತ್ತದೆ. ಅಂದರೆ ಈ ಏರಿನಲ್ಲಿ ಪೆಡಲ್ ನಿಮಿಷಕ್ಕೆ 26 ಸುತ್ತು ಅಷ್ಟೇ. ಅರ್ಧ ಸುತ್ತಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು, 150ಕ್ಕೂ ಹೆಚ್ಚು ಜೌಲ್ ಖರ್ಚು. ಸಂಗ್ರಹದ ಅರ್ಧಕ್ಕಿಂತ ಜಾಸ್ತಿ! ಪೆಡಲ್ ನೆತ್ತಿಯ ಹತ್ತಿರ ಬಂದಾಗ ಚಕ್ರ ನಿಲ್ಲುವ ಹಾಗಾಗುತ್ತದೆ. ಸಹಾಯ ಬೇಕಾದ ಹೊತ್ತಿಗೇ ಸಹಾಯ ಇಲ್ಲ. ಸೀಟು ಬಿಟ್ಟು ಎದ್ದು ನಿಂತು ಇಡೀ ಮೈಯನ್ನು ಪೆಡಲ್ ಮೇಲೆ ಹಾಕುವುದೊಂದೇ ದಾರಿ. ಒಂದು ಸುತ್ತಿಗೆ 2.5 ಮೀಟರ್ ಹೋಗುವ ಗೇರ್ ಇದ್ದಿದ್ದರೆ ಅರ್ಧ ಸುತ್ತು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತಿತ್ತು, 70 ಜೌಲ್‌ನಲ್ಲಿ ಕೆಲಸ ಆಗುತ್ತಿತ್ತು. ಬೆಟ್ಟ ಹತ್ತಲು ಬೇಕಾದ ಒಟ್ಟು ಶಕ್ತಿಯನ್ನು ಗೇರ್ ಕಡಿಮೆ ಮಾಡುವುದಿಲ್ಲ. ಆ ಶಕ್ತಿಯನ್ನು ಸಣ್ಣ ಸಣ್ಣ ಕಂತಿನಲ್ಲಿ ಕೇಳುತ್ತದೆ.

1910ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ ಮೊದಲ ಸಲ 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿ ಹತ್ತಿತು. ಆ ವರ್ಷ ಗೆದ್ದ ಆಕ್ಟೇವ್ ಲಾಪಿಝ್ ಕೂಡ ಅಲ್ಲಲ್ಲಿ ಇಳಿದು ಸೈಕಲ್ ತಳ್ಳಿಕೊಂಡೇ ಹತ್ತಿದ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಗೇರಿಗೆ ಆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ.

ಇಳಿಜಾರಿನ ಕಥೆ ಇನ್ನೂ ಚೆಂದ. 45 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ 130 ಸುತ್ತು ದಾಟುತ್ತದೆ, ಕಾಲಿಗೆ ಬಿಡುವಿಲ್ಲ. ವೇಗ ತಡೆಯಲು ಮೇಲೇರುವ ಪೆಡಲನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ಆಗ ತೊಡೆಯ ಸ್ನಾಯು ಬಿಗಿಯಾಗಿದ್ದೇ ಉದ್ದವಾಗುತ್ತದೆ. 1952ರಲ್ಲಿ ಅಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ಸಂಶೋಧಕರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು ಚೈನಿನಿಂದ ಜೋಡಿಸಿದರು. ಒಬ್ಬರು ತುಳಿಯಬೇಕು, ಇನ್ನೊಬ್ಬರು ತಡೆಯಬೇಕು. ಬಲ ಎರಡೂ ಕಡೆ ಒಂದೇ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಎಷ್ಟೋ ಪಟ್ಟು ಕಡಿಮೆ! ನನಗೆ ಇಷ್ಟು ಖುಷಿ ಕೊಟ್ಟ ಪ್ರಯೋಗ ಇನ್ನೊಂದಿಲ್ಲ.

ಹಾಗಂತ ಇಳಿಯುವುದು ಹಗುರ ಎಂದು ಮೋಸ ಹೋಗಬೇಡಿ. ಉಸಿರು ಹತ್ತದಿದ್ದರೂ ಹೀಗೆ ಹಿಗ್ಗುತ್ತಾ ದುಡಿದ ಸ್ನಾಯುವಿನ ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತದೆ. ನೋವು ಕಾಣಿಸುವುದು ಮರುದಿನ, ಅದರ ಮರುದಿನ. ಹಲವು ದಿನಗಳ ಯಾತ್ರೆಯಲ್ಲಿ ಇದು ದೊಡ್ಡ ಸಂಗತಿ. ಇನ್ನೊಂದು ಮಾತು: ಕಾಲು ತಡೆಯುವುದು ಹಿಂದಿನ ಚಕ್ರವನ್ನು ಮಾತ್ರ. ವೇಗ ತಗ್ಗಿಸುವಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಟೈರಿನ ಹಿಡಿತ ಸಡಿಲಾಗುತ್ತದೆ. ವಿಜಯಪುರ, ಬಾಗಲಕೋಟೆಯ ಹುಡುಗರು ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ವೆಲೋಡ್ರೋಮ್‌ನಲ್ಲಿ ಬ್ರೇಕ್ ಇಲ್ಲದ ಟ್ರ್ಯಾಕ್ ಸೈಕಲ್ ಓಡಿಸುತ್ತಾರೆ, ಅಲ್ಲಿ ಅದು ಸರಿ. ಘಾಟಿಗೆ ಮುಂದಿನ ಬ್ರೇಕ್ ಇಲ್ಲದೆ ಖಂಡಿತ ಹೋಗಬೇಡಿ.

ಸ್ನಾಯುವಿಗೆ ಇನ್ನೊಂದು ಒಳ್ಳೆಯ ಗುಣವಿದೆ. ಇಂಥ ಕೆಲಸವನ್ನು ಒಮ್ಮೆ ಮಾಡಿಸಿದರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಬೆಟ್ಟದಿಂದ ನಡೆದು ಇಳಿಯುವಾಗಲೂ ತೊಡೆ ಮಾಡುವುದು ಇದೇ ಬಗೆಯ ಕೆಲಸ. ನಮ್ಮ ಬಯಲಿನಲ್ಲಿ ಘಾಟ್ ಇಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಯಾತ್ರೆಗೆ ಒಂದೆರಡು ವಾರ ಮೊದಲು ಯಾದಗಿರಿಯ ಕೋಟೆ ಗುಡ್ಡ ಹತ್ತಿ, ನಿಧಾನವಾಗಿ ಇಳಿಯಿರಿ. ಎರಡು ದಿನ ತೊಡೆ ನೋಯುತ್ತದೆ. ಆ ನೋವು ಇಳಿದ ಮೇಲೆ ಇನ್ನೊಮ್ಮೆ ಹೋಗಿ.