ಮನೆ ನಮ್ಮದು, ನೆಲ ಅವರದು

"ಮನೆ ನಮ್ದೇ ಅಂತ ಮಗ ಹೇಳ್ದ. ಮತ್ತೆ ತಿಂಗಳು ತಿಂಗಳು ಬಾಡಿಗೆ ಯಾಕಪ್ಪಾ ಕಟ್ಬೇಕು?"

ಹಾಸನದ ಕಡೆಯ ಹಿರಿಯರೊಬ್ಬರು ನನಗೆ ಕೇಳಿದ ಪ್ರಶ್ನೆ ಇದು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅವರ ಅಡುಗೆಮನೆಯಲ್ಲೇ ಕೂತಿದ್ದೆವು. ಮೇಜಿನ ಮೇಲೆ, ಆ ಮನೆ ನಿಂತಿರುವ ನೆಲದ ಮಾಲೀಕರು ಕಳಿಸಿದ ನೋಟಿಸು ಇತ್ತು. ತಿಂಗಳಿಗೆ 164 ಡಾಲರ್ ಬಾಡಿಗೆ ಜಾಸ್ತಿ ಮಾಡಲು ಊರಾಡಳಿತದ ಅನುಮತಿ ಕೇಳಿದ್ದೇವೆ ಎಂದು ಅದರಲ್ಲಿ ಬರೆದಿತ್ತು.

ನಾನು ಲೆಕ್ಕಪತ್ರದವನು. ಮೊಬೈಲ್ ಹೋಮ್ ಪಾರ್ಕುಗಳ ಬಾಡಿಗೆ ಜಗಳ ವಿಚಾರಣೆಗೆ ಬಂದಾಗ ಆದಾಯ, ಖರ್ಚು ಎಲ್ಲ ತೆಗೆದು ವರದಿ ಮಾಡಿಕೊಡುವುದು ನನ್ನ ಕೆಲಸ. ಮಾಲೀಕರಿಗೂ ಮಾಡಿಕೊಟ್ಟಿದ್ದೇನೆ, ನಿವಾಸಿಗಳಿಗೂ ಮಾಡಿಕೊಟ್ಟಿದ್ದೇನೆ. ಇಲ್ಲಿ ಮನೆಗಳ ಬೆಲೆ ಮುಗಿಲು ಮುಟ್ಟಿದೆ. ಹಾಗಾಗಿ ಊರಿಂದ ಬರುವ ಅಪ್ಪ ಅಮ್ಮನಿಗೆಂದು ಕೆಲವರು ಇಂಥ ಪಾರ್ಕಿನಲ್ಲಿ ಮನೆ ಕೊಳ್ಳುತ್ತಾರೆ. ಕೊಳ್ಳುವಾಗ ಮನೆ ನೋಡುತ್ತಾರೆ, ಪಾರ್ಕಿನ ಕಾಗದ ನೋಡುವುದಿಲ್ಲ. ಅದಕ್ಕೇ ಈ ಬರಹ.

ಪಾರ್ಕ್ ಅಂದರೆ ಇಲ್ಲಿ ಒಂದು ದೊಡ್ಡ ಬಡಾವಣೆ. ಇಡೀ ನೆಲ ಒಬ್ಬ ಮಾಲೀಕರದು ಅಥವಾ ಒಂದು ಕಂಪನಿಯದು. ಅದರಲ್ಲಿ ನೂರೋ ಇನ್ನೂರೋ ಸೈಟು. ಒಂದೊಂದು ಸೈಟಿನಲ್ಲಿ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಒಂದು ಮನೆ. ಮನೆ ನಿವಾಸಿಯದು, ಅದಕ್ಕೆ ಅವರ ಹೆಸರಿನಲ್ಲೇ ಪತ್ರ ಇರುತ್ತದೆ. ಸೈಟಿಗೆ ಮಾತ್ರ ತಿಂಗಳ ಬಾಡಿಗೆ. ಜನ ಅದನ್ನು 'ಸ್ಪೇಸ್ ರೆಂಟ್' ಅನ್ನುತ್ತಾರೆ.

"ಹಾಗಾದ್ರೆ ಬಾಡಿಗೆ ಜಾಸ್ತಿ ಆಯ್ತು ಅಂದ್ರೆ ಮನೆ ಬೇರೆ ಕಡೆ ತಗೊಂಡು ಹೋಗ್ಬಹುದಲ್ವಾ? ಮೊಬೈಲ್ ಅಂತಾರಲ್ಲ" ಎಂದರು ಅವರು.

ನಾನು ಅವರನ್ನು ಹೊರಗೆ ಕರೆದುಕೊಂಡು ಹೋದೆ. ಮನೆಯ ಬುಡಕ್ಕೆ ಸುತ್ತ ಹಲಗೆ ಹೊಡೆದಿರುತ್ತಾರೆ. ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ಟೆ. ಒಳಗೆ ಉದ್ದಕ್ಕೂ ಕಬ್ಬಿಣದ ತೊಲೆ, ಅದರ ಕೆಳಗೆ ಜ್ಯಾಕುಗಳು. ಚಕ್ರ ಯಾವತ್ತೋ ಬಿಚ್ಚಿದ್ದರು. ಲಾರಿಗೆ ಕಟ್ಟಿ ಎಳೆಯುವ ಕೊಕ್ಕೆಯನ್ನೂ ಕಳಚಿ ಅಲ್ಲೇ ಮಣ್ಣಿನ ಮೇಲೆ ಮಲಗಿಸಿದ್ದರು. ಮೇಲೆಲ್ಲ ತುಕ್ಕು. ಅವರದು ಎರಡು ಅರ್ಧ ಜೋಡಿಸಿದ ಮನೆ. ಕೀಳಬೇಕಾದರೆ ಮಧ್ಯಕ್ಕೆ ಬಿಡಿಸಬೇಕು. ಕಾರು ನಿಲ್ಲಿಸುವ ಚಪ್ಪರ, ಮೆಟ್ಟಿಲು, ಜಗಲಿ ಎಲ್ಲ ಒಡೆಯಬೇಕು. ಸಾಗಿಸಲು ಸಾವಿರಾರು ಡಾಲರ್. ಅಷ್ಟೆಲ್ಲ ಮಾಡಿದರೂ ಇಷ್ಟು ಹಳೇ ಮನೆಯನ್ನು ಇನ್ನೊಂದು ಪಾರ್ಕಿನವರು ಒಳಗೆ ಬಿಟ್ಟುಕೊಳ್ಳುವುದು ಕಷ್ಟ. ಹೀಗೆ ತಂದಿಟ್ಟ 100 ಮನೆಗಳಲ್ಲಿ ಮತ್ತೆ ಜಾಗ ಬದಲಿಸುವುದು ಸುಮಾರು ಒಂದು ಮಾತ್ರ ಎಂದು ಅಮೆರಿಕದ ಸುಪ್ರೀಂ ಕೋರ್ಟೇ ತನ್ನ ತೀರ್ಪೊಂದರಲ್ಲಿ ಬರೆದಿದೆ.

ಜಗಳದ ಬೇರು ಇಲ್ಲಿದೆ. ಅಪಾರ್ಟ್‌ಮೆಂಟಿನ ಬಾಡಿಗೆದಾರ ಬಾಡಿಗೆ ಜಾಸ್ತಿ ಆಯಿತೆಂದರೆ ಸಾಮಾನು ಕಟ್ಟಿಕೊಂಡು ಹೊರಡಬಹುದು. ಪಾರ್ಕಿನ ನಿವಾಸಿ ಹಾಗೆ ಹೋಗಲಾರರು, ಮನೆ ಮಾರಿಯೇ ಹೋಗಬೇಕು. ಕೊಳ್ಳಲು ಬಂದವರು ಮೊದಲು ಸೈಟಿನ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಬಾಡಿಗೆ ಏರಿದಷ್ಟೂ ಮನೆಯ ಬೆಲೆ ಇಳಿಯುತ್ತದೆ. ನಾನು ಹೇಳುವ ಒರಟು ಅಂದಾಜು ಹೀಗೆ: ತಿಂಗಳಿಗೆ 100 ಡಾಲರ್ ಏರಿದರೆ ವರ್ಷಕ್ಕೆ 1,200. ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ ಅಷ್ಟು ಹುಟ್ಟಬೇಕಾದರೆ 12,000 ಡಾಲರ್ ಅಸಲು ಬೇಕು. ಮನೆಯ ಬೆಲೆಯಲ್ಲಿ ಸುಮಾರು ಅಷ್ಟು ಕರಗಿತು. ಆ ದುಡ್ಡು ಎಲ್ಲೂ ಮಾಯವಾಗುವುದಿಲ್ಲ. ನಿವಾಸಿಯ ಮನೆಯಿಂದ ಇಳಿದು ಮಾಲೀಕರ ನೆಲಕ್ಕೆ ಸೇರುತ್ತದೆ.

ಇದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾದ ಸುಮಾರು 100 ಊರು ಮತ್ತು ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಪಾರ್ಕಿನ ಬಾಡಿಗೆಗೆ ಮಿತಿ ಇದೆ. ಸ್ಯಾನ್ ಹೊಸೆಯಲ್ಲಿ ಬಾಡಿಗೆಯನ್ನು ವರ್ಷಕ್ಕೆ ಬೆಲೆಯೇರಿಕೆಯ ಮುಕ್ಕಾಲು ಭಾಗದಷ್ಟು ಏರಿಸಬಹುದು, ಕನಿಷ್ಠ ಶೇ 3, ಗರಿಷ್ಠ ಶೇ 7. ಇದಲ್ಲದೆ ಇಡೀ ರಾಜ್ಯಕ್ಕೆ 1978ರ ಒಂದು ಕಾನೂನಿದೆ. ಬಾಡಿಗೆ ಏರಿಸಲು 90 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು, ಕಾನೂನಿನಲ್ಲಿ ಹೇಳಿದ ಕಾರಣ ಇಲ್ಲದೆ ಯಾರನ್ನೂ ಹೊರಗೆ ಹಾಕಬಾರದು ಎಂದು ಅದು ಹೇಳುತ್ತದೆ.

ಮಾಲೀಕರು ಸುಮ್ನೆ ಕೂರಲಿಲ್ಲ. ಸ್ಯಾನ್ ಡಿಯೇಗೊ ಹತ್ತಿರ ಎಸ್ಕಾಂಡಿಡೊ ಎಂಬ ಊರಿದೆ. 1988ರಲ್ಲಿ ಅಲ್ಲಿನ ಮತದಾರರು ಪಾರ್ಕಿನ ಬಾಡಿಗೆಯನ್ನು 1986ರ ಮಟ್ಟಕ್ಕೆ ಇಳಿಸಿ, ಮುಂದೆ ಏರಿಸಬೇಕಾದರೆ ನಗರಸಭೆಯ ಒಪ್ಪಿಗೆ ಬೇಕು ಎಂದು ತೀರ್ಮಾನಿಸಿದರು. ಪಾರ್ಕುಗಳ ಒಡೆಯರಾದ ಯೀ ದಂಪತಿ ಕೋರ್ಟಿಗೆ ಹೋದರು. ಅವರ ವಾದದಲ್ಲಿ ತೂಕ ಇತ್ತು. ನಿವಾಸಿಯನ್ನು ಬಿಡಿಸುವ ಹಾಗಿಲ್ಲ, ಅವರು ಮನೆ ಮಾರಿದರೆ ಕೊಂಡವರನ್ನೂ ಬೇಡ ಅನ್ನುವ ಹಾಗಿಲ್ಲ, ಬಾಡಿಗೆಯನ್ನೂ ಏರಿಸುವ ಹಾಗಿಲ್ಲ. ಹೀಗಾದರೆ ಸರ್ಕಾರ ನಮ್ಮ ನೆಲವನ್ನು ಕಿತ್ತು ಬೇರೆಯವರಿಗೆ ಕೊಟ್ಟಂತೆಯೇ ಆಯಿತು, ಪರಿಹಾರ ಕೊಡಿ ಎಂದರು. 1992ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಇದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓ'ಕಾನರ್. ನೆಲವನ್ನು ಬಾಡಿಗೆಗೆ ಕೊಟ್ಟದ್ದು ನೀವೇ, ಸರ್ಕಾರ ಬಲವಂತ ಮಾಡಲಿಲ್ಲ; ಬೇಡ ಅನ್ನಿಸಿದರೆ ನೋಟಿಸು ಕೊಟ್ಟು ನೆಲವನ್ನು ಬೇರೆ ಕೆಲಸಕ್ಕೆ ಬಳಸಲು ಕಾನೂನಿನಲ್ಲೇ ದಾರಿ ಇದೆ ಎಂಬುದು ತೀರ್ಪಿನ ತಿರುಳು.

ಮುಂದೆ ಗೊಲೀಟ ಎಂಬ ಊರಿನ ಮೊಕದ್ದಮೆ ಬಂತು. ಅಲ್ಲಿನ ಮಾಲೀಕರು ಪಾರ್ಕ್ ಕೊಂಡದ್ದು 1997ರಲ್ಲಿ. ಬಾಡಿಗೆ ಮಿತಿ 1979ರಿಂದಲೇ ಇತ್ತು. ಮಿತಿ ಇದೆ ಎಂದು ಗೊತ್ತಿದ್ದೇ, ಅದಕ್ಕೆ ತಕ್ಕ ಬೆಲೆಗೆ ಕೊಂಡಿದ್ದೀರಿ, ಈಗ ಅನ್ಯಾಯ ಆಯಿತು ಅಂದರೆ ಹೇಗೆ ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು. ಮಾಲೀಕರು ಸೋತರು. ಆದರೆ ಅವರ ಕಡೆಯ ತಜ್ಞರು ಕೊಟ್ಟ ಒಂದು ಅಂಕಿ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಮಿತಿ ಇಲ್ಲದಿದ್ದರೆ ಸರಾಸರಿ 14 ಸಾವಿರ ಡಾಲರ್ ಬಾಳುವ ಮನೆ, ಮಿತಿ ಇರುವುದರಿಂದ ಸುಮಾರು 1 ಲಕ್ಷ 19 ಸಾವಿರಕ್ಕೆ ಮಾರಾಟವಾಗುತ್ತದೆ ಎಂದಿದ್ದರು ಅವರು. ಅಂದರೆ ಕಡಿಮೆ ಬಾಡಿಗೆಯ ಲಾಭವನ್ನೆಲ್ಲ ಮೊದಲ ನಿವಾಸಿ ಮನೆ ಮಾರುವಾಗಲೇ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಬಂದವರು ಬಾಡಿಗೆ ಕಡಿಮೆ ಕೊಟ್ಟರೂ ಮನೆಗೆ ದುಬಾರಿ ಬೆಲೆ ಕೊಟ್ಟಿರುತ್ತಾರೆ. ಈ ಮಾತನ್ನು ನಿವಾಸಿಗಳ ಸಭೆಯಲ್ಲಿ ಹೇಳಿದರೆ ಬೇಜಾರಾಗುತ್ತಾರೆ. ಆದರೂ ನಿಜ ನಿಜವೇ. ಹಾಗೆಂದು ಮಿತಿ ತೆಗೆಯಬೇಕು ಎಂದು ನಾನು ಹೇಳುವುದಿಲ್ಲ. ತೆಗೆದರೆ ಕಳೆದುಕೊಳ್ಳುವವರು ಆಗಲೇ ದುಬಾರಿ ಬೆಲೆ ಕೊಟ್ಟು ಒಳಗೆ ಬಂದವರು. ಅವರು ಮನೆ ಕಿತ್ತುಕೊಂಡು ಹೋಗಲಾರರು.

ಮಿತಿ ಎಂದರೆ ಮಾಲೀಕರಿಗೆ ಲಾಭವೇ ಇರಬಾರದು ಎಂದಲ್ಲ. ನ್ಯಾಯವಾದ ಗಳಿಕೆ ಸಿಗಲೇಬೇಕು, ಇದು ಸಂವಿಧಾನದ ಮಾತು. ಎಷ್ಟು ನ್ಯಾಯ ಎಂಬಲ್ಲಿ ನನ್ನ ಕೆಲಸ ಶುರುವಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ವಿಧಾನವನ್ನು ಒಂದು ಕಾಲ್ಪನಿಕ ಪಾರ್ಕಿನ ಮೇಲೆ ತೋರಿಸುತ್ತೇನೆ. 100 ಸೈಟು ಇದೆ ಅನ್ನಿ. ಲೆಕ್ಕದ ಬುನಾದಿ ವರ್ಷದಲ್ಲಿ ಆದಾಯ 6 ಲಕ್ಷ ಡಾಲರ್, ಖರ್ಚು 2 ಲಕ್ಷ, ಉಳಿದದ್ದು 4 ಲಕ್ಷ. ಅಲ್ಲಿಂದ ಈಚೆಗೆ ಬೆಲೆಗಳು ಶೇ 50 ಏರಿವೆ. ಹಾಗಾದರೆ ಈಗ 6 ಲಕ್ಷ ಉಳಿಯಬೇಕು. ಇವತ್ತಿನ ಖರ್ಚು ಮೂರೂವರೆ ಲಕ್ಷ. ಅಂದರೆ ಒಂಬತ್ತೂವರೆ ಲಕ್ಷ ಬರಬೇಕು. ಬರುತ್ತಿರುವುದು 9 ಲಕ್ಷ 20 ಸಾವಿರ. ಕೊರತೆ 30 ಸಾವಿರ. 100 ಮನೆಗೆ, 12 ತಿಂಗಳಿಗೆ ಹಂಚಿ. ತಿಂಗಳಿಗೆ 25 ಡಾಲರ್ ಏರಿಸಬಹುದು.

ಮಾಲೀಕರು ಸಾಲ ಮಾಡಿ ಪಾರ್ಕ್ ಕೊಂಡಿದ್ದರೆ ಆ ಸಾಲದ ಬಡ್ಡಿಯನ್ನು ಈ ವಿಧಾನದಲ್ಲಿ ಖರ್ಚು ಎಂದು ಹಿಡಿಯುವುದಿಲ್ಲ. ಹಿಡಿದರೆ ಯಾರು ಬೇಕಾದರೂ ಎಷ್ಟು ಬೇಕಾದರೂ ಬೆಲೆ ಕೊಟ್ಟು ಕೊಂಡು, ಕಂತನ್ನು ನಿವಾಸಿಗಳ ತಲೆಗೆ ಕಟ್ಟಬಹುದು. ಆಸ್ತಿ ತೆರಿಗೆ ಮಾತ್ರ ಖರ್ಚೇ. ಹೊಸ ಕಂಪನಿ ಪಾರ್ಕ್ ಕೊಂಡಾಗ ಜಗಳ ಹತ್ತುವುದು ಇಲ್ಲೇ. 1978ರಲ್ಲಿ ಬಂದ 'ಪ್ರಾಪ್ 13' ಎಂಬ ರಾಜ್ಯದ ಆಸ್ತಿ ತೆರಿಗೆ ನಿಯಮದ ಪ್ರಕಾರ ತೆರಿಗೆ ಹಾಕುವ ಬೆಲೆ ವರ್ಷಕ್ಕೆ ಹೆಚ್ಚೆಂದರೆ ಶೇ 2 ಏರಬಹುದು. ಆಸ್ತಿ ಕೈ ಬದಲಾದ ದಿನ ಮಾತ್ರ ಅದು ಒಮ್ಮೆಲೇ ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. 40 ಲಕ್ಷ ಡಾಲರ್ ಎಂದು ಲೆಕ್ಕದಲ್ಲಿದ್ದ ಪಾರ್ಕ್ 2 ಕೋಟಿಗೆ ಮಾರಾಟವಾದರೆ, ಶೇ 1ರ ದರದಲ್ಲಿ ತೆರಿಗೆ 40 ಸಾವಿರದಿಂದ 2 ಲಕ್ಷಕ್ಕೆ ಹೋಗುತ್ತದೆ. 100 ಮನೆಗೆ ಹಂಚಿದರೆ ತಿಂಗಳಿಗೆ 133 ಡಾಲರ್. ಒಂದು ಚರಂಡಿ ಕೂಡ ರಿಪೇರಿ ಆಗದೆ ಬಾಡಿಗೆ ಏರುವುದು ಹೀಗೆ.

ಇನ್ನೊಂದು ಭಯ ಪಾರ್ಕೇ ಮುಚ್ಚಿಹೋಗುವುದು. ಬಾಡಿಗೆ ಮಿತಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಪಾಲೊ ಆಲ್ಟೊದಲ್ಲಿ ಉಳಿದಿರುವ ಒಂದೇ ಪಾರ್ಕ್ ಬುಯೆನಾ ವಿಸ್ತಾ. ಸುಮಾರು 400 ಜನ ಇದ್ದ ಆ ಪಾರ್ಕನ್ನು ಮುಚ್ಚುವುದಾಗಿ ಮಾಲೀಕರು 2012ರಲ್ಲಿ ಹೇಳಿದರು. ವರ್ಷಗಟ್ಟಲೆ ಹೋರಾಟ ನಡೆಯಿತು. ಕೊನೆಗೆ 2017ರಲ್ಲಿ ಕೌಂಟಿಯ ವಸತಿ ಪ್ರಾಧಿಕಾರ ಸುಮಾರು 4 ಕೋಟಿ ಡಾಲರ್ ಕೊಟ್ಟು ನೆಲ ಕೊಂಡುಕೊಂಡಿತು. ನೆಲ ಸಾರ್ವಜನಿಕರ ಕೈಗೋ ನಿವಾಸಿಗಳ ಸಹಕಾರ ಸಂಘದ ಕೈಗೋ ಬಂದರೆ ಈ ಜಗಳದ ಬೇರೇ ಕಿತ್ತುಹೋಗುತ್ತದೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ 1984ರಲ್ಲಿ 13 ಕುಟುಂಬಗಳು ಸೇರಿ ಸಾಲ ಪಡೆದು ತಮ್ಮ ಪಾರ್ಕನ್ನು ತಾವೇ ಕೊಂಡವು. ನನಗೆ ಹೆಚ್ಚು ನಂಬಿಕೆ ಇರುವುದು ಈ ದಾರಿಯಲ್ಲೇ.

ಮತ್ತೆ ಹಾಸನದ ಹಿರಿಯರ ವಿಷಯಕ್ಕೆ ಬರುತ್ತೇನೆ. ನೋಟಿಸಿನ ಜೊತೆ ಬಂದ ಲೆಕ್ಕವನ್ನು ಒಂದೊಂದು ಸಾಲಾಗಿ ನೋಡಿದೆವು. ಹೊಸ ತೆರಿಗೆ, ಒಳಚರಂಡಿ ಪೈಪು, ರಸ್ತೆಗೆ ಟಾರು, ಮೇಲ್ವಿಚಾರಣೆಯ ಶುಲ್ಕ. ಪೈಪು ನಿಜವಾಗಲೂ ಹಳೆಯದು, ಬದಲಿಸಲೇಬೇಕಿತ್ತು. ಆ ಖರ್ಚನ್ನು ನಾನು ಪ್ರಶ್ನೆ ಮಾಡಲಿಲ್ಲ. ಆದರೆ 15 ವರ್ಷ ಬಾಳುವ ರಸ್ತೆಯ ಖರ್ಚನ್ನು ಒಂದೇ ವರ್ಷಕ್ಕೆ ಹಾಕಿದ್ದರು. ಮೇಲ್ವಿಚಾರಣೆಯ ಶುಲ್ಕ ಮಾಲೀಕರದೇ ಇನ್ನೊಂದು ಕಂಪನಿಗೆ ಹೋಗುತ್ತಿತ್ತು. ಪಾರ್ಕಿನ ನಿವಾಸಿಗಳು ಮನೆಮನೆಗೆ ಹೋಗಿ ಹಳೆಯ ಬಾಡಿಗೆ ರಸೀದಿ ಒಟ್ಟು ಮಾಡಿದರು. ವಿಚಾರಣೆಯ ದಿನ ಹಿರಿಯರು ಕನ್ನಡದಲ್ಲೇ ಮಾತಾಡಿದರು, ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಕೆಲವು ವಾರಗಳ ನಂತರ ಆದೇಶ ಬಂತು: 58 ಡಾಲರ್. ಅದರಲ್ಲಿ 17 ಡಾಲರ್ ಪೈಪಿನ ಪಾಲು, ಆ ಖರ್ಚು ತೀರಿದ ಮೇಲೆ ಬಾಡಿಗೆಯಿಂದ ಇಳಿಯುತ್ತದೆ.

ಇನ್ನೊಂದು ಪಾರ್ಕಿನಲ್ಲಿ ಒಂದು ಕುಟುಂಬಕ್ಕೆ ಈ ವಿಚಾರಣೆಯೇ ಸಿಗಲಿಲ್ಲ. ಅವರು ಬಹಳ ಹಿಂದೆ ಐದು ವರ್ಷದ ಲೀಸಿಗೆ, ಅಂದರೆ ಬಾಡಿಗೆ ಕರಾರಿಗೆ, ಸಹಿ ಹಾಕಿದ್ದರು. ಆಗಿನ ಕಾನೂನಿನ ಪ್ರಕಾರ 12 ತಿಂಗಳಿಗಿಂತ ಉದ್ದದ ಇಂಥ ಲೀಸುಗಳಿಗೆ ಊರಿನ ಬಾಡಿಗೆ ಮಿತಿ ಅನ್ವಯಿಸುತ್ತಿರಲಿಲ್ಲ. ಲೀಸಿನಲ್ಲಿ ಬರೆದಂತೆ ಏರಿಸಿದ್ದನ್ನೆಲ್ಲ ಕಟ್ಟಿದರು. 2020ರಲ್ಲಿ ರಾಜ್ಯ ಸರ್ಕಾರ ಈ ವಿನಾಯಿತಿಯನ್ನು ಕೊನೆ ಮಾಡುವ ಕಾನೂನು ತಂದಿತು. 2025ರ ಜನವರಿಯಿಂದ ಅದು ಪೂರ್ತಿ ಹೋಗಿದೆ. ಆದರೂ ಯಾರಾದರೂ ಲೀಸ್ ಮುಂದಿಟ್ಟರೆ ಅಲ್ಲೇ ನಿಂತು ಸಹಿ ಹಾಕಬೇಡಿ, ಮನೆಗೆ ತಂದು ಓದಿ. ಪಾರ್ಕಿನಲ್ಲಿ ಮನೆ ಕೊಳ್ಳುವ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ ಪಡೆಯಿರಿ: ಊರಿನಲ್ಲಿ ಬಾಡಿಗೆ ಮಿತಿ ಇದೆಯೇ, ಮನೆ ಕೈ ಬದಲಾದಾಗ ಬಾಡಿಗೆ ಎಷ್ಟು ಏರಿಸಬಹುದು, ಪಾರ್ಕ್ ಇತ್ತೀಚೆಗೆ ಮಾರಾಟ ಆಗಿದೆಯೇ.

ಆದೇಶ ಬಂದ ಸಂಜೆ ಹಿರಿಯರು ಫೋನ್ ಮಾಡಿದರು. ನಾನು ಹೇಳಿಕೊಟ್ಟ ಲೆಕ್ಕ ಅವರಿಗೆ ನೆನಪಿತ್ತು.

"ಈ 58ರಿಂದ ಮನೆ ಬೆಲೆ ಎಷ್ಟು ಇಳೀತಪ್ಪಾ?"

ಪೈಪಿನ 17 ಬಿಟ್ಟರೆ 41, ಸುಮಾರು 5 ಸಾವಿರ ಡಾಲರ್ ಎಂದೆ.

"164 ಆಗಿದ್ದಿದ್ರೆ?"

"ಹತ್ತಿರ ಹತ್ತಿರ 20 ಸಾವಿರ, ಯಜಮಾನರೇ."

ಎರಡೂ ಅಂಕಿ ಇನ್ನೊಮ್ಮೆ ಹೇಳು, ಬರ್ಕೋತೀನಿ ಎಂದರು.